ಐವರ ವ್ಯಾಲರಂಟ್ ತಂಡವನ್ನು ಟೂರ್ನಮೆಂಟಿಗೆ ಸಜ್ಜುಗೊಳಿಸುವ ಬಗೆ

ಐದು ಮಂದಿ ಗೆಳೆಯರು ರಾತ್ರಿಯೆಲ್ಲ ಒಟ್ಟಿಗೆ ಕೂತು ರ‍್ಯಾಂಕ್ಡ್ (ಗೆಲುವು ಸೋಲಿನ ಮೇಲೆ ಆಟಗಾರನ ದರ್ಜೆ ಏರಿಳಿಯುವ) ಪಂದ್ಯಗಳನ್ನು ಆಡುವುದು ಬೇರೆ, ಒಂದು ತಂಡವಾಗಿ ಅಭ್ಯಾಸ ಮಾಡುವುದು ಬೇರೆ. ರ‍್ಯಾಂಕ್ಡ್‌ನಲ್ಲಿ ಎದುರಾಳಿಗಳೂ ಬಹುಪಾಲು ಆ ಹೊತ್ತಿಗೆ ಜೊತೆಯಾದವರೇ ಆಗಿರುವುದರಿಂದ, ಒಬ್ಬನ ಗುರಿ ಚೆನ್ನಾಗಿದ್ದರೆ ಉಳಿದ ನಾಲ್ವರ ತಪ್ಪುಗಳು ಮುಚ್ಚಿಹೋಗುತ್ತವೆ. ಟೂರ್ನಮೆಂಟಿನಲ್ಲಿ ಎದುರಿಗೆ ನಿಲ್ಲುವ ತಂಡ ಆ ತಪ್ಪುಗಳನ್ನೇ ಹುಡುಕಿಕೊಂಡು ಬರುತ್ತದೆ. ಆದ್ದರಿಂದ ಅಭ್ಯಾಸದ ಸಂಜೆಯೊಂದಕ್ಕೆ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆಡಬೇಕು, ಆಡಿದ ಮೇಲೆ ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ರೆಕಾರ್ಡಿಂಗ್ ನೋಡಬೇಕು. ಇಲ್ಲಿ ಹೇಳುವ ಎಲ್ಲ ಕ್ರಮಗಳ ಹಿಂದೆ ಇರುವುದು ಈ ಒಂದು ನಿಯಮವೇ.

ರಯಟ್ ಗೇಮ್ಸ್ 2020ರ ಜೂನ್‌ನಲ್ಲಿ ಹೊರತಂದ ವ್ಯಾಲರಂಟ್ ಆಟವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಇದು ಐವರಿಗೆ ಐವರಂತೆ ಆಡುವ ಬಂದೂಕಿನ ಆಟ: ದಾಳಿಯ ಕಡೆಯವರು ಸೈಟ್ ಎಂಬ ಗೊತ್ತಾದ ಜಾಗದಲ್ಲಿ ಸ್ಪೈಕ್ ಎಂಬ ಬಾಂಬ್ ನೆಡಬೇಕು, ರಕ್ಷಕರು ಅದನ್ನು ತಡೆಯಬೇಕು ಇಲ್ಲವೇ ನೆಟ್ಟದ್ದನ್ನು ಡಿಫ್ಯೂಸ್ (ನಿಷ್ಕ್ರಿಯ) ಮಾಡಬೇಕು. ಕೌಂಟರ್-ಸ್ಟ್ರೈಕ್ 2 ಆಡುವವರು ಅಂಕಿಗಳನ್ನು ತಮ್ಮ ಆಟಕ್ಕೆ ತಕ್ಕಂತೆ ಬದಲಿಸಿಕೊಂಡರೆ ಬಹುತೇಕ ಮಾತುಗಳು ಅವರಿಗೂ ಸಲ್ಲುತ್ತವೆ. ವ್ಯಾಲರಂಟ್‌ನಲ್ಲಿಯೂ ಅಪ್‌ಡೇಟ್ ಬಂದಾಗಲೆಲ್ಲ ಅಂಕಿಗಳು ಅಷ್ಟಿಷ್ಟು ಬದಲಾಗುವುದುಂಟು, ಹಾಗಾಗಿ ಅಂಕಿಗಿಂತ ಲೆಕ್ಕ ಹಾಕುವ ರೀತಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಯಾರಿಗೆ ಯಾವ ಕೆಲಸ

ಆಟಗಾರರು ಆರಿಸಿಕೊಳ್ಳುವ ಪಾತ್ರಗಳಾದ ಏಜೆಂಟ್‌ಗಳು ಡ್ಯುಯೆಲಿಸ್ಟ್ (ಮೊದಲು ನುಗ್ಗುವವರು), ಇನಿಶಿಯೇಟರ್ (ಎದುರಾಳಿಯ ಜಾಗ ಬಯಲು ಮಾಡುವವರು), ಕಂಟ್ರೋಲರ್ (ಹೊಗೆ ಹಾಕಿ ನೋಟ ಮುಚ್ಚುವವರು), ಸೆಂಟಿನೆಲ್ (ಬೆನ್ನು ಕಾಯುವವರು) ಎಂದು ನಾಲ್ಕು ವರ್ಗಗಳಲ್ಲಿದ್ದಾರೆ. ಹೊಸ ತಂಡಗಳಲ್ಲಿ ಸಾಮಾನ್ಯವಾಗಿ ಇಬ್ಬರು ಮೂವರು ಡ್ಯುಯೆಲಿಸ್ಟ್‌ಗಳಾದ ಜೆಟ್ ಅಥವಾ ರೇಜ಼್ ಆಡಲು ಹಟ ಹಿಡಿಯುತ್ತಾರೆ, ಹೊಗೆ ಹಾಕುವ ಓಮೆನ್ ಮಾತ್ರ ಯಾರಿಗೂ ಬೇಡ. ಈ ಜಗಳವನ್ನು ಮೊದಲ ವಾರದಲ್ಲೇ ಮುಗಿಸಿ, ಪ್ರತಿಯೊಬ್ಬರಿಗೂ ಒಂದು ಮುಖ್ಯ ವರ್ಗವನ್ನೂ ಅದರೊಳಗೆ ಎರಡು ಏಜೆಂಟ್‌ಗಳನ್ನೂ ಗೊತ್ತುಮಾಡಿ, ಕನಿಷ್ಠ ಎರಡು ತಿಂಗಳು ಬದಲಿಸದೆ ಇರುವುದು ಕ್ಷೇಮ. ತಿಂಗಳಿಗೊಮ್ಮೆ ಪಾತ್ರ ಬದಲಿಸುವ ತಂಡಕ್ಕೆ ತಾನು ಸೋತದ್ದು ಯೋಜನೆಯ ದೋಷದಿಂದಲೋ ಆಟಗಾರನ ಅನನುಭವದಿಂದಲೋ ಎಂಬುದು ಕೊನೆಗೂ ತಿಳಿಯುವುದಿಲ್ಲ.

ಪಂದ್ಯದ ನಡುವೆ ತೀರ್ಮಾನ ಹೇಳುವವನನ್ನು ಐಜಿಎಲ್ (ಇನ್-ಗೇಮ್ ಲೀಡರ್) ಎಂದು ಕರೆಯುತ್ತಾರೆ. ಎಲ್ಲರಿಗಿಂತ ಮೊದಲು ಸೈಟಿಗೆ ನುಗ್ಗುವ ಡ್ಯುಯೆಲಿಸ್ಟ್‌ಗೆ ಈ ಹೊಣೆಯನ್ನೂ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಅವನು ಮೊದಲು ಸಾಯುವ ಸಾಧ್ಯತೆ ಹೆಚ್ಚು, ಬದುಕಿದ್ದಾಗಲೂ ಅವನ ಗಮನವೆಲ್ಲ ಎದುರಿನ ಮೂಲೆಯ ಮೇಲಿರುತ್ತದೆ. ಕಂಟ್ರೋಲರ್ ಅಥವಾ ಸೆಂಟಿನೆಲ್ ಆಡುವವನಿಗೆ ಮ್ಯಾಪ್ ನೋಡಲು ಬಿಡುವಿರುತ್ತದೆ. ಸಾಧ್ಯವಾದರೆ ಆರನೆಯವನೊಬ್ಬನನ್ನೂ ಸೇರಿಸಿಕೊಳ್ಳಿ. ಒಬ್ಬನಿಗೆ ಪರೀಕ್ಷೆ ಬಂದರೆ ಅವನು ಆಡುತ್ತಾನೆ, ಇಲ್ಲದಿದ್ದಾಗ ಹೊರಗಿನಿಂದ ನೋಡಿ ಟಿಪ್ಪಣಿ ಬರೆಯುತ್ತಾನೆ.

ಗುರಿ ಅವರವರ ಮನೆಗೆಲಸ

ಐವರೂ ಕೂಡಿದ ಹೊತ್ತನ್ನು ಗುರಿಯ ಅಭ್ಯಾಸಕ್ಕೆ ಕಳೆಯಬಾರದು. ಅದನ್ನು ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಗಂಟೆಯಂತೆ ರೇಂಜ್‌ನಲ್ಲಿಯೋ ಡೆತ್‌ಮ್ಯಾಚ್‌ನಲ್ಲಿಯೋ ಮುಗಿಸಿ ಬರಲಿ. ಓಡುತ್ತಾ ಹೊಡೆದ ಗುಂಡು ಈ ಆಟದಲ್ಲಿ ನೇರ ಹೋಗುವುದಿಲ್ಲವಾದ್ದರಿಂದ ನಿಂತು ಹೊಡೆಯುವ ಅಭ್ಯಾಸ, ಹಾಗೂ ಕ್ರಾಸ್‌ಹೇರ್ ಅನ್ನು ಸದಾ ತಲೆಯ ಎತ್ತರದಲ್ಲಿ ಹಿಡಿಯುವ ಅಭ್ಯಾಸ, ಇವೆರಡೇ ಮುಕ್ಕಾಲು ಪಾಲು. ಮೌಸಿನ ಸೆನ್ಸಿಟಿವಿಟಿಯನ್ನು ಸೋತಾಗಲೆಲ್ಲ ಬದಲಿಸುವ ಚಟ ಬಿಡಬೇಕು. ಬಂದೂಕಿನ ವಿಚಾರದಲ್ಲಿ ಒಂದು ಮಾತು: 2900 ಕ್ರೆಡಿಟ್‌ನ (ಕ್ರೆಡಿಟ್ ಎಂದರೆ ಆಟದೊಳಗಿನ ಹಣ) ವ್ಯಾಂಡಲ್ ಬಂದೂಕಿನ ಗುಂಡು ತಲೆಗೆ ಬಿದ್ದರೆ ಎಷ್ಟೇ ದೂರವಿದ್ದರೂ 160 ಹಾನಿ ಮಾಡುತ್ತದೆ, ಅಂದರೆ ದೊಡ್ಡ ಶೀಲ್ಡ್ (ಕವಚ) ತೊಟ್ಟು ಒಟ್ಟು 150 ಪ್ರಾಣಾಂಕವಿರುವ ಎದುರಾಳಿ ಒಂದೇ ಗುಂಡಿಗೆ ಬೀಳುತ್ತಾನೆ. ಅದೇ ಬೆಲೆಯ ಫ್ಯಾಂಟಮ್ ದೂರ ಹೆಚ್ಚಿದರೆ 140ಕ್ಕೆ ಇಳಿಯುತ್ತದೆ. ಉದ್ದ ಓಣಿ ಕಾಯುವವನು ಫ್ಯಾಂಟಮ್ ಹಿಡಿದು ಕೂತಿದ್ದರೆ ಯಾಕೆಂದು ಕೇಳುವ ಹಕ್ಕು ತಂಡಕ್ಕಿದೆ.

ಒಬ್ಬನ ಬೆನ್ನಿಗೆ ಇನ್ನೊಬ್ಬ

ತಂಡವಾಗಿ ಮೊದಲು ಕಲಿಯಬೇಕಾದದ್ದು ಟ್ರೇಡ್. ಕಬಡ್ಡಿಯಲ್ಲಿ ಮೂಲೆಯವನು ದಾಳಿಗಾರನ ಕಾಲು ಹಿಡಿದಾಗ ಪಕ್ಕದವನು ಆ ಕ್ಷಣವೇ ಮೇಲೆ ಬೀಳದಿದ್ದರೆ ಹಿಡಿದವನೂ ಔಟಾಗುತ್ತಾನೆ, ದಾಳಿಗಾರನೂ ಗೆರೆ ಮುಟ್ಟುತ್ತಾನೆ. ಇಲ್ಲಿಯೂ ಅಷ್ಟೆ. ಮುಂದೆ ಹೋದವನು ಬಿದ್ದ ಮರುಕ್ಷಣ ಹಿಂದಿನವನು ಹೊಡೆದವನನ್ನು ಕೆಡವಬೇಕು, ಆಗ ಲೆಕ್ಕ ನಾಲ್ಕಕ್ಕೆ ನಾಲ್ಕು. ಎರಡು ಸೆಕೆಂಡ್ ತಡವಾದರೆ ಎದುರಾಳಿ ಗೋಡೆಯ ಹಿಂದೆ ಸರಿದು ಇನ್ನೊಂದು ಕಡೆಯಿಂದ ಕಾಣಿಸಿಕೊಳ್ಳುತ್ತಾನೆ.

ಇದನ್ನು ನಾವೇ ಏರ್ಪಡಿಸಿಕೊಳ್ಳುವ ಕಸ್ಟಮ್ ಪಂದ್ಯದಲ್ಲಿ ಹೀಗೆ ಕಲಿಸಬಹುದು. ಅಸೆಂಟ್ ಎಂಬ ಮ್ಯಾಪಿನಲ್ಲಿ ಎ ಸೈಟಿಗೆ ಹೋಗುವ ದಾರಿಯಾದ ಎ ಮೇನ್‌ನಲ್ಲಿ ಇಬ್ಬರನ್ನು ನಿಲ್ಲಿಸಿ, ಸೈಟಿನಲ್ಲಿ ಒಬ್ಬನನ್ನು ಅವನಿಷ್ಟದ ಮೂಲೆಯಲ್ಲಿ ಅಡಗಿಸಿಡಿ. ನುಗ್ಗುವ ಇಬ್ಬರಲ್ಲಿ ಮೊದಲಿನವನು ಗೆಲ್ಲಲೇಬೇಕೆಂದಿಲ್ಲ, ಅವನು ಎದುರಾಳಿಯ ಜಾಗವನ್ನು ಬಯಲು ಮಾಡಿದರೆ ಸಾಕು. ಅಂಕ ಸಿಗುವುದು ಎರಡನೆಯವನು ಟ್ರೇಡ್ ತೆಗೆದುಕೊಂಡಾಗ ಮಾತ್ರ. ಇಪ್ಪತ್ತು ಸಲ ಆಡಿ ಜಾಗ ಬದಲಿಸಿಕೊಳ್ಳಿ. ಇಬ್ಬರ ನಡುವಿನ ಅಂತರ ಎಷ್ಟಿರಬೇಕೆಂಬುದು ಬಾಯಿಮಾತಿನ ವಿವರಣೆಗಿಂತ ಈ ಪುನರಾವರ್ತನೆಯಲ್ಲಿ ಬೇಗ ಕೈಗೆ ಹತ್ತುತ್ತದೆ. ತೀರ ಹತ್ತಿರ ನಿಂತರೆ ಒಂದೇ ಸುರಿಮಳೆಗೆ ಇಬ್ಬರೂ ಹೋಗುತ್ತಾರೆ, ದೂರ ನಿಂತರೆ ಟ್ರೇಡ್ ತಪ್ಪುತ್ತದೆ.

ಇದಾದ ಮೇಲೆ ಐವರೂ ಸೇರಿ ಸೈಟಿಗೆ ನುಗ್ಗುವ ಎಕ್ಸಿಕ್ಯೂಟ್. ಅದೇ ಅಸೆಂಟ್ ಎ ಸೈಟಿಗೆ ಹೆವನ್ (ಸೈಟಿನ ಮೇಲಿನ ಎತ್ತರದ ಜಾಗ) ಮತ್ತು ಟ್ರೀ (ಮರದ ಬಳಿಯ ಜಾಗ) ಕಡೆಗೆ ಹೊಗೆ, ನಂತರ ಇನಿಶಿಯೇಟರ್ ಸೋವಾನ ಎದುರಾಳಿಗಳನ್ನು ತೋರಿಸುವ ರೆಕಾನ್ ಬಾಣ, ಅದು ತೋರಿಸಿದ ಮೇಲೆ ಜೆಟ್‌ನ ಡ್ಯಾಶ್, ಅವಳ ಬೆನ್ನಿಗೆ ಇಬ್ಬರು, ಬೆನ್ನು ಕಾಯಲು ಸೆಂಟಿನೆಲ್ ಎಂಬ ಸರಳ ಯೋಜನೆ ಹೊಸ ತಂಡಕ್ಕೆ ಸಾಕು. ಹೊಸಬರು ಎಡವುವುದು ಅನುಕ್ರಮದಲ್ಲಿ. ಓಮೆನ್‌ನ ಹೊಗೆ ನಿಲ್ಲುವುದು 15 ಸೆಕೆಂಡ್ ಮಾತ್ರ. ಹೊಗೆ ಬಿದ್ದ ಮೇಲೆ ಹೋಗೋಣವೇ ಬೇಡವೇ ಎಂದು ಮಾತಾಡುತ್ತಾ ಹತ್ತು ಸೆಕೆಂಡ್ ಕಳೆದರೆ, ಸ್ಪೈಕ್ ನೆಡಲು ಬೇಕಾದ 4 ಸೆಕೆಂಡ್‌ಗಳು ಹೆವನ್‌ನಲ್ಲಿರುವವನ ಕಣ್ಣೆದುರಿಗೇ ಕಳೆಯುತ್ತವೆ. ಎದುರಾಳಿಗಳಿಲ್ಲದ ಖಾಲಿ ಮ್ಯಾಪಿನಲ್ಲಿ ಗಡಿಯಾರ ಇಟ್ಟುಕೊಂಡು ಇದನ್ನು ಹತ್ತಿಪ್ಪತ್ತು ಸಲ ಮಾಡುವುದು ಬೇಸರದ ಕೆಲಸವೇ ಸರಿ, ಆದರೆ ಇದಕ್ಕೆ ಬದಲಿಯಿಲ್ಲ.

ಸ್ಪೈಕ್ ನೆಟ್ಟ ಮೇಲಿನ 45 ಸೆಕೆಂಡ್

ಕೆಳಹಂತದ ಪಂದ್ಯಗಳಲ್ಲಿ ಹೆಚ್ಚು ಸುತ್ತುಗಳು ಕೈಬಿಟ್ಟುಹೋಗುವುದು ಸ್ಪೈಕ್ ನೆಟ್ಟ ಮೇಲೆಯೇ ಎಂಬುದು ನಾನು ನೋಡಿದ ಮಟ್ಟಿಗೆ ನಿಜ, ಅಭ್ಯಾಸದಲ್ಲಿ ಎಲ್ಲಕ್ಕಿಂತ ಕಡಿಮೆ ಹೊತ್ತು ಸಿಗುವುದೂ ಇದಕ್ಕೇ. ನೆಟ್ಟ ಸ್ಪೈಕ್ 45 ಸೆಕೆಂಡ್‌ಗಳಲ್ಲಿ ಸ್ಫೋಟಿಸುತ್ತದೆ. ಪೂರ್ತಿ ಡಿಫ್ಯೂಸ್ ಮಾಡಲು 7 ಸೆಕೆಂಡ್ ಬೇಕು, ಅರ್ಧದವರೆಗೆ ಅಂದರೆ 3.5 ಸೆಕೆಂಡ್ ಮಾಡಿ ಬಿಟ್ಟರೆ ಆ ಅರ್ಧ ಉಳಿದುಕೊಳ್ಳುತ್ತದೆ. ಹಾಗಾದರೆ ರಕ್ಷಕರು 38ನೇ ಸೆಕೆಂಡ್‌ನೊಳಗೆ ಸ್ಪೈಕಿಗೆ ಕೈ ಹಾಕಲೇಬೇಕು, ಅರ್ಧ ಮೊದಲೇ ಮುಗಿದಿದ್ದರೆ 41.5ರವರೆಗೆ ಅವಕಾಶವಿದೆ. ಈ ಲೆಕ್ಕ ಐವರ ತಲೆಯಲ್ಲೂ ಕೂತಿದ್ದರೆ, ದಾಳಿ ಮಾಡಿದವರು ಜಗಳ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲವೆಂದು ಅರ್ಥವಾಗುತ್ತದೆ. ಕಾಲ ಅವರ ಕಡೆಗಿದೆ.

ಅಭ್ಯಾಸಕ್ಕೆ ಮೂವರಿಗೆ ಮೂವರಂತೆ, ಸ್ಪೈಕ್ ನೆಟ್ಟ ಸ್ಥಿತಿಯಿಂದಲೇ ಆಟ ಶುರುಮಾಡಿ (ಆರನೆಯವನು ಇದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತಾನೆ). ದಾಳಿಯ ಕಡೆಯವರಿಗೆ ಒಂದು ಷರತ್ತು: ಡಿಫ್ಯೂಸ್ ಶುರುವಾದ ಸದ್ದು ಕೇಳುವ ತನಕ ಯಾರೂ ಒಬ್ಬರೇ ಇಣುಕುವಂತಿಲ್ಲ, ಮೂವರೂ ಒಂದೇ ಕಡೆ ನಿಲ್ಲುವಂತಿಲ್ಲ. ರಕ್ಷಕರಿಗೂ ಒಂದು ಷರತ್ತು: ಮೂವರೂ ಸೈಟಿನ ಅಂಚಿಗೆ ಬಂದು ಸೇರುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ಒಬ್ಬೊಬ್ಬರಾಗಿ ಬಂದು ಒಬ್ಬೊಬ್ಬರಾಗಿ ಸಾಯುವ ರೀಟೇಕ್ (ಸೈಟನ್ನು ಮರಳಿ ಪಡೆಯುವ ಯತ್ನ), ಇಬ್ಬರಿಗಾಗಿ ಆರು ಸೆಕೆಂಡ್ ಕಾಯುವ ತಾಳ್ಮೆಯಿಲ್ಲದ್ದರ ಫಲ.

ಮಾತು

ಮೊದಲು ಜಾಗಗಳ ಹೆಸರು. ಒಂದೇ ಮೂಲೆಗೆ ಒಬ್ಬ ಟ್ರೀ ಎಂದು, ಇನ್ನೊಬ್ಬ ಮರದ ಹತ್ತಿರ ಎಂದು, ಮೂರನೆಯವನು ಅಲ್ಲೇ ಬಲಗಡೆ ಎಂದು ಹೇಳುವ ತಂಡದಲ್ಲಿ ಮಾಹಿತಿ ತಲುಪುವ ಹೊತ್ತಿಗೆ ಕೇಳಿದವನು ಸತ್ತಿರುತ್ತಾನೆ. ಎಡ ಬಲಗಳಂತೂ ಹೇಳುವವನ ಮುಖ ಎತ್ತಲಿದೆ ಎಂಬುದನ್ನು ಅವಲಂಬಿಸಿರುವುದರಿಂದ ಆದಷ್ಟು ಬಿಟ್ಟುಬಿಡಿ. ಬೆಂಗಳೂರಿನ ತಂಡವೊಂದರಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಕೇಳಿಬರುವುದು ಸಾಮಾನ್ಯ. ಹರಟೆ ಯಾವ ಭಾಷೆಯಲ್ಲಾದರೂ ಇರಲಿ, ಜಾಗದ ಹೆಸರು ಮತ್ತು ಆದೇಶದ ಪದ ಎಲ್ಲರಿಗೂ ಒಂದೇ ಇರಬೇಕು. ಮ್ಯಾಪಿನ ಚಿತ್ರದ ಮೇಲೆ ಆ ಹೆಸರುಗಳನ್ನು ಬರೆದು ತಂಡದ ಡಿಸ್ಕಾರ್ಡ್ ಚಾನೆಲ್‌ನಲ್ಲಿ ಹಾಕಿಡಿ.

ಹೇಳುವ ಕ್ರಮವೂ ಒಂದೇ ಆಗಿರಲಿ. ಎಲ್ಲಿ, ಎಷ್ಟು ಮಂದಿ, ಎಷ್ಟು ಹಾನಿಯಾಗಿದೆ. "ಮಾರ್ಕೆಟ್ ಒಬ್ಬ, 84" ಎಂಬಲ್ಲಿ ಬೇಕಾದ್ದೆಲ್ಲ ಇದೆ. "ಅಯ್ಯೋ ಅವನು ಒನ್ ಶಾಟ್ ಇದ್ದ ಮಗಾ, ನನ್ನ ಗುಂಡು ಹೆಂಗೆ ತಪ್ಪಿತು" ಎಂಬಲ್ಲಿ ಏನೂ ಇಲ್ಲ, ಜೊತೆಗೆ ಅಷ್ಟು ಹೊತ್ತು ಹೆಜ್ಜೆ ಸದ್ದೂ ಕೇಳಿಸಲಿಲ್ಲ. ಸತ್ತವನು ಒಂದೇ ವಾಕ್ಯದಲ್ಲಿ ಕಂಡದ್ದನ್ನು ಹೇಳಿ ಸುಮ್ಮನಾಗಬೇಕು. ತಂಡದಲ್ಲಿ ಒಬ್ಬನೇ ಉಳಿದಾಗ ಅವನು ಕೇಳದ ಹೊರತು ಯಾರೂ ಮಾತಾಡಬಾರದು. ಈ ಕೊನೆಯ ನಿಯಮವನ್ನು ಒಪ್ಪಿಕೊಳ್ಳುವುದು ಸುಲಭ, ಪಾಲಿಸುವುದು ಕಷ್ಟ. ಒಂದು ವಾರದ ಅಭ್ಯಾಸವನ್ನು ಇದೊಂದಕ್ಕೇ ಮೀಸಲಿಟ್ಟರೂ ನಷ್ಟವಿಲ್ಲ.

ಕ್ರೆಡಿಟ್ ಲೆಕ್ಕ

ಐವರೂ ಒಟ್ಟಿಗೆ ಕೊಳ್ಳಬೇಕು, ಒಟ್ಟಿಗೆ ಉಳಿಸಬೇಕು. ಮೊದಲ ಸುತ್ತಿಗೆ ಎಲ್ಲರ ಬಳಿ 800 ಇರುತ್ತದೆ. ಅದನ್ನು ಪೂರ್ತಿ ಖರ್ಚುಮಾಡಿ ಸೋತರೆ 1900 ಬರುತ್ತದೆ, ಸಾಲಾಗಿ ಎರಡನೆಯದನ್ನೂ ಸೋತರೆ 2400, ಮೂರನೆಯದಕ್ಕೆ 2900. ಎರಡನೇ ಸುತ್ತಿನಲ್ಲಿ ಏನೂ ಕೊಳ್ಳದೆ ಸೋತರೆ ಮೂರನೇ ಸುತ್ತಿಗೆ 4300 ಕೂಡುತ್ತದೆ, ವ್ಯಾಂಡಲ್ ಮತ್ತು 1000ದ ದೊಡ್ಡ ಶೀಲ್ಡ್ ಸೇರಿ 3900, ಉಳಿದದ್ದು ಏಬಿಲಿಟಿಗೆ, ಅಂದರೆ ಹೊಗೆ, ಬಾಣದಂಥ ವಿಶೇಷ ಸಾಮರ್ಥ್ಯಗಳಿಗೆ. ಅದೇ ಎರಡನೇ ಸುತ್ತಿನಲ್ಲಿ ಇಬ್ಬರು 1600ರ ಸ್ಪೆಕ್ಟರ್ ಕೊಂಡು ಮೂವರು ಉಳಿಸಿದರೆ, ಆ ಸುತ್ತು ಹೋಗುವುದಲ್ಲದೆ ಮೂರನೆಯದರಲ್ಲಿಯೂ ಇಬ್ಬರು ಅರೆಬರೆ ಆಯುಧದಲ್ಲಿ ನಿಲ್ಲುತ್ತಾರೆ. ಕೊಳ್ಳುವ ಪರದೆಯಲ್ಲೇ ಮುಂದಿನ ಸುತ್ತಿಗೆ ಕನಿಷ್ಠ ಎಷ್ಟು ಸಿಗುತ್ತದೆಂದು ತೋರಿಸಲಾಗುತ್ತದೆ, ಐಜಿಎಲ್ ಅದನ್ನು ನೋಡಿ 30 ಸೆಕೆಂಡ್‌ನ ಖರೀದಿ ಅವಧಿಯ ಮೊದಲಿಗೇ ಆದೇಶ ಕೊಡಬೇಕು.

ಸ್ಕ್ರಿಮ್ ಮತ್ತು ರೆಕಾರ್ಡಿಂಗ್

ಇನ್ನೊಂದು ತಂಡದೊಡನೆ ಗೊತ್ತುಮಾಡಿಕೊಂಡು ಆಡುವ ಸ್ಕ್ರಿಮ್ ವಾರಕ್ಕೆ ಎರಡು ಮೂರು ಇದ್ದರೆ ಬೇಕಾದಷ್ಟಾಯಿತು. ಒಂದು ತಂಡ 13 ಸುತ್ತು ಗೆದ್ದೊಡನೆ ನಿಲ್ಲಿಸುವ ಬದಲು, ಎಲ್ಲ ಸುತ್ತುಗಳನ್ನೂ ಆಡುವ ಆಯ್ಕೆಯನ್ನು ಕಸ್ಟಮ್ ಪಂದ್ಯದಲ್ಲಿ ಹಾಕಿಕೊಂಡು ಎರಡೂ ಕಡೆಯ 12 ಸುತ್ತುಗಳನ್ನು ಮುಗಿಸಿ, ಏಕೆಂದರೆ ಅಭ್ಯಾಸದಲ್ಲಿ ಸ್ಕೋರಿಗೆ ಬೆಲೆಯಿಲ್ಲ. ಶುರುವಿಗೆ ಮುನ್ನ ಆ ದಿನದ ಪ್ರಶ್ನೆಯನ್ನು ಬರೆದಿಡಿ: "ಒಬ್ಬ ಹೆಚ್ಚಿದ್ದಾಗ ಆ ಹೆಚ್ಚುವರಿಯನ್ನು ನಾವು ಹೇಗೆ ಕಳೆದುಕೊಳ್ಳುತ್ತೇವೆ?" ಎಂಬಂಥದ್ದು. ಸೋಲುತ್ತಿದ್ದೇವೆಂದು ನಡುವೆಯೇ ಬಿಟ್ಟುಹೋಗುವ ತಂಡಕ್ಕೆ ಮುಂದೆ ಸ್ಕ್ರಿಮ್ ಸಿಗುವುದಿಲ್ಲ, ಈ ವಲಯ ಚಿಕ್ಕದು.

ಪ್ರತಿಯೊಬ್ಬರೂ ಧ್ವನಿಸಹಿತ ತಮ್ಮ ಪರದೆಯನ್ನು ರೆಕಾರ್ಡ್ ಮಾಡಲಿ. ನೋಡುವಾಗ ಇಡೀ ಪಂದ್ಯ ಬೇಡ, ಪ್ರಶ್ನೆಗೆ ಸಂಬಂಧಿಸಿದ ಮೂರು ಸುತ್ತು ಸಾಕು. ಸಾವಿನ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿದರೆ ಗುರಿ ತಪ್ಪಿದ ಸಂಗತಿ ಮಾತ್ರ ಕಾಣುತ್ತದೆ. ಅದಕ್ಕೆ ಹತ್ತು ಸೆಕೆಂಡ್ ಹಿಂದೆ ನಿಲ್ಲಿಸಿ, ಆಗ ಅವನಿಗೆ ಏನು ಗೊತ್ತಿತ್ತು, ಮ್ಯಾಪಿನಲ್ಲಿ ಉಳಿದವರು ಎಲ್ಲಿದ್ದರು ಎಂದು ಕೇಳಿ. ಮೊದಲು ಮಾತಾಡುವ ಅವಕಾಶ ಸತ್ತವನಿಗೇ ಇರಲಿ. ಗೆದ್ದ ಸುತ್ತೊಂದನ್ನೂ ಸೇರಿಸಿಕೊಳ್ಳಬೇಕು, ಏಕೆಂದರೆ ಅದೃಷ್ಟದಿಂದ ಗೆದ್ದ ಸುತ್ತನ್ನು ತಂಡಗಳು ಯೋಜನೆಯ ಗೆಲುವೆಂದು ನಂಬಿಬಿಡುತ್ತವೆ. ಕೊನೆಗೆ ಒಂದೇ ತಿದ್ದುಪಡಿಯನ್ನು ಬರೆದುಕೊಂಡು ಮುಂದಿನ ಸ್ಕ್ರಿಮ್‌ಗೆ ಒಯ್ಯಿರಿ.

ಟೂರ್ನಮೆಂಟಿನ ಹೊತ್ತಿಗೆ

ಸ್ಪರ್ಧೆಯ ಪಟ್ಟಿಯಲ್ಲಿ ಏಳು ಮ್ಯಾಪ್‌ಗಳಿರುತ್ತವೆ. ಮೂರು ಪಂದ್ಯಗಳ ಸರಣಿಯಲ್ಲಿ ಸಾಮಾನ್ಯವಾಗಿ ಎರಡೂ ತಂಡಗಳು ತಲಾ ಒಂದನ್ನು ತೆಗೆದುಹಾಕಿ, ತಲಾ ಒಂದನ್ನು ಆರಿಸಿ, ಮತ್ತೆ ತಲಾ ಒಂದನ್ನು ತೆಗೆಯುತ್ತವೆ, ಉಳಿದದ್ದು ನಿರ್ಣಾಯಕ. ಅಂದರೆ ನಿಮಗೆ ಬಾರದ ಎರಡು ಮ್ಯಾಪ್‌ಗಳನ್ನು ತೆಗೆಯುವ ಅವಕಾಶವಿದ್ದರೂ ಎರಡನೆಯದನ್ನು ತೆಗೆಯುವ ಮೊದಲೇ ಎದುರಾಳಿ ಅದನ್ನು ಆರಿಸಿಬಿಡಬಹುದು. ಹೊಸ ತಂಡ ಮೊದಲು ಎರಡು ಮ್ಯಾಪ್‌ಗಳನ್ನು ಗಟ್ಟಿಮಾಡಿಕೊಂಡು, ಮೂರು ತಿಂಗಳಲ್ಲಿ ನಾಲ್ಕಕ್ಕೆ ಏರಿಸಿದರೆ ಸರಿಯಾದ ವೇಗ. ಒಂದನ್ನು ಶಾಶ್ವತವಾಗಿ ತೆಗೆದುಹಾಕುವ ಮ್ಯಾಪ್ ಎಂದು ಗುರುತಿಸಿ ಅದಕ್ಕೆ ಹೊತ್ತನ್ನೇ ಕೊಡಬೇಡಿ.

ಮೊದಲ ಅನುಭವಕ್ಕೆ ಆಟದೊಳಗೇ ಇರುವ ಪ್ರೀಮಿಯರ್ ವಿಭಾಗ ಒಳ್ಳೆಯದು, ಶುಲ್ಕವಿಲ್ಲ, ಪಂದ್ಯದ ಸಮಯ ನಿಗದಿತ. ಹೊರಗಿನ ಟೂರ್ನಮೆಂಟಿಗೆ ಸೇರುವಾಗ ನಿಯಮಗಳನ್ನು ಓದಿ. 2025ರ ಆನ್‌ಲೈನ್ ಗೇಮಿಂಗ್ ಕಾಯಿದೆ ಇ-ಕ್ರೀಡೆಯನ್ನು ಹಣದ ಆಟಗಳಿಂದ ಬೇರೆಯಾಗಿಯೇ ಗುರುತಿಸಿದೆ, ಪಣ ಕಟ್ಟಿಸುವ ಯಾವುದೇ ಸ್ಪರ್ಧೆಯಿಂದ ದೂರವಿರಿ. ಪಂದ್ಯದ ದಿನ ಹೊಸ ಯೋಜನೆ ಬೇಡ, ಹೊಸ ಮೌಸೂ ಬೇಡ. ಮುಂಬೈ ಸರ್ವರ್‌ಗೆ ಪಿಂಗ್ ಎಷ್ಟಿದೆಯೆಂದು ಒಂದು ಗಂಟೆ ಮುಂಚೆ ಪ್ರತಿಯೊಬ್ಬರೂ ನೋಡಿಕೊಳ್ಳಲಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಾದರೆ ಕಂಪ್ಯೂಟರಿಗಷ್ಟೇ ಅಲ್ಲ, ರೂಟರಿಗೂ ಯುಪಿಎಸ್ ಇರಲಿ. ಟೈಮ್‌ಔಟ್ ತೀರ ಚಿಕ್ಕದಾದ್ದರಿಂದ ಅದರಲ್ಲಿ ಐಜಿಎಲ್ ಒಬ್ಬನೇ ಮಾತಾಡಲಿ, ಕಳೆದ ಸುತ್ತಿನ ಪೋಸ್ಟ್‌ಮಾರ್ಟಂ ಬಿಟ್ಟು ಮುಂದಿನ ಸುತ್ತಿನ ಖರೀದಿಯನ್ನೂ ಯೋಜನೆಯನ್ನೂ ಮಾತ್ರ ಹೇಳಲಿ.

ಸೋತ ರಾತ್ರಿಯೇ ತಂಡದಿಂದ ಯಾರನ್ನೂ ತೆಗೆಯಬೇಡಿ, ಯಾರನ್ನೂ ಸೇರಿಸಬೇಡಿ. ಎರಡು ದಿನ ಬಿಟ್ಟು ರೆಕಾರ್ಡಿಂಗ್ ನೋಡಿ, ಟ್ರೇಡ್ ಎಷ್ಟು ಸಲ ತಪ್ಪಿತು, ನೆಟ್ಟ ಸ್ಪೈಕ್ ಎಷ್ಟು ಸಲ ಕೈಬಿಟ್ಟಿತು, ಖರೀದಿ ಎಷ್ಟು ಸಲ ಚೆದುರಿತು ಎಂದು ಎಣಿಸಿ, ಯಾವುದು ಹೆಚ್ಚೋ ಅದನ್ನು ಮುಂದಿನ ವಾರದ ಪ್ರಶ್ನೆಯಾಗಿ ಬರೆದುಕೊಳ್ಳಿ.