ಖಾಲಿ ಪೀಠದಿಂದ ಶುರು ಮಾಡಿದೆ: ಕಲ್ಪಿತ ರಾಜ್ಯಕ್ಕೆ ಆರ್ಚ್‌ಬಿಷಪ್ ಪರಂಪರೆ ಕಟ್ಟಿದ ನನ್ನ ಅನುಭವ

ಫ್ಯಾಂಟಸಿ ಕ್ಯಾಂಪೇನ್, ಅಂದರೆ ಟೇಬಲ್ ಸುತ್ತ ಕೂತು ಕಲ್ಪಿತ ಲೋಕದ ಪಾತ್ರಗಳಾಗಿ ಸೆಷನ್ ಮೇಲೆ ಸೆಷನ್ ಆಡುವ ಕತೆಯಾಟ, ನಡೆಸುವ ನಾವೆಲ್ಲ ರಾಜರ ವಂಶಾವಳಿ ಮಾಡಿಯೇ ಮಾಡುತ್ತೇವೆ. ಚರ್ಚಿನ ಪರಂಪರೆಯನ್ನೂ, ಅಂದರೆ ಬಿಷಪ್‌ಗಳ ಮೇಲಿನ ಆರ್ಚ್‌ಬಿಷಪ್ ಪೀಠದಲ್ಲಿ ಒಬ್ಬರ ನಂತರ ಒಬ್ಬರು ಕೂತವರ ಪಟ್ಟಿಯನ್ನೂ, ಹಾಗೇ ಕೂತು ಕಟ್ಟುತ್ತೇನೆ ಅಂದಾಗ ಆಟ ನಡೆಸಿಕೊಡುವ ನಮ್ಮ ಗೇಮ್ ಮಾಸ್ಟರ್ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಆಟಗಾರರಿಗೆ ಕೋಟೆ ಬೇಕು, ಡ್ರ್ಯಾಗನ್ ಬೇಕು, ಮುನ್ನೂರು ವರ್ಷದ ಬಿಷಪ್‌ಗಳ ಪಟ್ಟಿ ಯಾರು ಓದುತ್ತಾರೆ ಅಂದರು. ಈಗ ನನ್ನ ವಾಲ್ಡೇನ್ ರಾಜ್ಯದ ಕ್ಯಾಂಪೇನ್ ಪೂರ್ತಿ ಆ ಪಟ್ಟಿಯ ಮೇಲೇ ನಿಂತಿದೆ. ಬೇಡ ಅಂದವರಲ್ಲೇ ಕೆಲವರು ಆ ಪಟ್ಟಿ ಬರೆದಿಟ್ಟ ನನ್ನ ಶೀಟ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಹೇಗೆ ಮಾಡಿದೆ ಅಂತ ಪದೇಪದೇ ಕೇಳುವುದರಿಂದ ಒಂದೇ ಸಲ ಬರೆದು ಮುಗಿಸುತ್ತಿದ್ದೇನೆ. ಡೈಸ್, ಶೀಟ್, ಟೈಮ್‌ಲೈನ್ ಇವೆಲ್ಲ ನಿಮಗೆ ಗೊತ್ತಿರುವ ವಿಷಯ, ಅದಕ್ಕೆ ಹೋಗುವುದಿಲ್ಲ.

ಮೊದಲು ಕೈಕೊಟ್ಟ ದಾರಿಗಳು. ಒಬ್ಬೊಬ್ಬ ಆರ್ಚ್‌ಬಿಷಪ್‌ಗೂ ಒಂದೊಂದು ಜೀವನಚರಿತ್ರೆ ಬರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಸುಮಾರು ನಲವತ್ತು ಪುಟ ಬರೆದೆ. ಒಬ್ಬ ದಯಾಳು, ಒಬ್ಬ ದುರಾಸೆಯವನು, ಒಬ್ಬ ಪಂಡಿತ. ಓದಲು ಚೆನ್ನಾಗಿತ್ತು, ಟೇಬಲ್ ಮೇಲೆ ಒಂದೇ ಒಂದು ಸೆಷನ್‌ಗೂ ಉಪಯೋಗಕ್ಕೆ ಬರಲಿಲ್ಲ. ಆಮೇಲೆ ವಂಶವೃಕ್ಷದ ಸಾಫ್ಟ್‌ವೇರ್ ತೆಗೆದುಕೊಂಡೆ. ವರ್ಷದ ಚಂದಾ ಮೂರೂವರೆ ಸಾವಿರದ ಆಸುಪಾಸು. ಅದಕ್ಕೆ ಅಪ್ಪ, ಮಗ, ಮದುವೆ ಬಿಟ್ಟು ಬೇರೆ ಸಂಬಂಧವೇ ತಿಳಿಯದು. ಮದುವೆಯೇ ಇಲ್ಲದವರ ಪಟ್ಟಿಯನ್ನು ಅದರಲ್ಲಿ ಹೇಗೆ ತುಂಬುವುದು? ಆ ದುಡ್ಡು ಹೋಯಿತು. ಮೂರನೆಯದು ಬರೀ ಡೈಸ್: ಹತ್ತು ಮುಖದ ಎರಡು ಡೈಸ್ ಹಾಕಿ, ಬಂದಷ್ಟು ವರ್ಷ ಅಧಿಕಾರ ಕೊಡುವುದು. ಸರಾಸರಿ ಸರಿಯಾಗಿಯೇ ಬಂತು, ಆದರೆ ಒಬ್ಬ ಸತ್ತ ವರ್ಷವೇ ಇನ್ನೊಬ್ಬ ಕೂರುತ್ತಿದ್ದ. ಜಗಳಕ್ಕೆ ಎಲ್ಲೂ ಜಾಗವಿರಲಿಲ್ಲ.

ದಾರಿ ಸಿಕ್ಕಿದ್ದು ಇಂಗ್ಲೆಂಡಿನ ಮುಖ್ಯ ಚರ್ಚ್ ಪೀಠವಾದ ಕ್ಯಾಂಟರ್ಬರಿಯ ಪಟ್ಟಿಯನ್ನು ಕೂತು ಸಾಲುಸಾಲಾಗಿ ನೋಡಿದಾಗ. 1070ರ ಲ್ಯಾನ್‌ಫ್ರಾಂಕ್‌ನಿಂದ 1381ರಲ್ಲಿ ರೈತರ ದಂಗೆಯಲ್ಲಿ ತಲೆ ಕಳೆದುಕೊಂಡ ಸೈಮನ್ ಸಡ್ಬರಿಯವರೆಗೆ ಸುಮಾರು 24 ಆರ್ಚ್‌ಬಿಷಪ್‌ಗಳು. ಅಷ್ಟೇ ಅವಧಿಯಲ್ಲಿ ಇಂಗ್ಲೆಂಡಿನ ಸಿಂಹಾಸನದಲ್ಲಿ ಕೂತ ರಾಜರು 12. ಅಂದರೆ ಒಬ್ಬ ರಾಜನಿಗೆ ಇಬ್ಬರು ಆರ್ಚ್‌ಬಿಷಪ್‌ಗಳು. ರಾಜ ಚಿಕ್ಕ ವಯಸ್ಸಿಗೂ ಪಟ್ಟಕ್ಕೆ ಬರಬಹುದು, ಆರ್ಚ್‌ಬಿಷಪ್ ಸಾಮಾನ್ಯವಾಗಿ ಅರ್ಧ ಆಯುಸ್ಸು ಕಳೆದ ಮೇಲೆ ಬರುತ್ತಾನೆ. ಇದೊಂದು ಲೆಕ್ಕ ಇಟ್ಟುಕೊಂಡರೆ ನಿಮ್ಮ ಪಟ್ಟಿಯ ಉದ್ದ ತಾನಾಗಿ ಸರಿಹೋಗುತ್ತದೆ.

ನನ್ನ ಕಣ್ಣು ನಿಂತದ್ದು ಹೆಸರುಗಳ ಮೇಲಲ್ಲ, ನಡುವಿನ ಖಾಲಿ ವರ್ಷಗಳ ಮೇಲೆ. ಲ್ಯಾನ್‌ಫ್ರಾಂಕ್ 1089ರಲ್ಲಿ ತೀರಿಕೊಂಡ. ಮುಂದಿನ ಆರ್ಚ್‌ಬಿಷಪ್ ಬಂದದ್ದು 1093ರಲ್ಲಿ. ನಡುವೆ ಪೀಠದ ಆದಾಯವೆಲ್ಲ ರಾಜ ಎರಡನೇ ವಿಲಿಯಮ್‌ನ ಖಜಾನೆಗೆ. ಪೀಠ ಖಾಲಿ ಇದ್ದಷ್ಟು ದಿನ ರಾಜನಿಗೆ ಲಾಭ, ಹಾಗಾಗಿ ಅವನಿಗೆ ಅವಸರವೇ ಇರಲಿಲ್ಲ. ಕೊನೆಗೆ ಕಾಯಿಲೆ ಬಿದ್ದು ಸಾಯುವ ಭಯ ಹುಟ್ಟಿದಾಗ ಆನ್ಸೆಲ್ಮ್‌ನನ್ನು ಹೆಸರಿಸಿದ. ಆನ್ಸೆಲ್ಮ್‌ಗೆ ಪೀಠ ಬೇಡವಾಗಿತ್ತು, ಮುಷ್ಟಿ ಬಿಗಿ ಹಿಡಿದುಕೊಂಡ. ಸುತ್ತ ನಿಂತ ಬಿಷಪ್‌ಗಳು ಬೆರಳು ಬಿಡಿಸಲು ನೋಡಿದರು, ಆಗದಿದ್ದಾಗ ಅಧಿಕಾರದ ದಂಡವನ್ನು ಮುಚ್ಚಿದ ಮುಷ್ಟಿಗೇ ಒತ್ತಿ ಹಿಡಿದರು. ಅವನು 1109ರಲ್ಲಿ ಸತ್ತ ಮೇಲೆ ಮತ್ತೆ ಐದು ವರ್ಷ ಪೀಠ ಖಾಲಿ. ಇಂಥದ್ದೊಂದು ದೃಶ್ಯ ಸಿಕ್ಕರೆ ಒಂದು ಸೆಷನ್ ಪೂರ್ತಿ ನಡೆಯುತ್ತದೆ. ನನ್ನ ನಲವತ್ತು ಪುಟದಲ್ಲಿ ಇಂಥದ್ದು ಒಂದೂ ಇರಲಿಲ್ಲ.

ಅಲ್ಲಿಂದ ಶೀಟನ್ನು ತಿರುಗಿಸಿ ಹಾಕಿದೆ. ಹೆಸರು ಆಮೇಲೆ, ಖಾಲಿ ಅವಧಿ ಮೊದಲು. ಪ್ರತಿ ಸಾವಿಗೂ ಮೂರು ಪ್ರಶ್ನೆ: ಕ್ಯಾಥೆಡ್ರಲ್‌ನ (ಆರ್ಚ್‌ಬಿಷಪ್ ಪೀಠವಿರುವ ದೊಡ್ಡ ಚರ್ಚಿನ) ಸನ್ಯಾಸಿಗಳು ಯಾರನ್ನು ಆರಿಸಿದರು, ರಾಜ ಯಾರನ್ನು ಬಯಸಿದ, ಪೋಪ್ ಯಾರಿಗೆ ಒಪ್ಪಿಗೆ ಕೊಟ್ಟ. ಮೂವರೂ ಒಂದೇ ಹೆಸರು ಹೇಳಿದರೆ ಕೆಲವೇ ತಿಂಗಳಲ್ಲಿ ಮುಗಿಯಿತು, ಮುಂದೆ ಹೋಗುತ್ತೇನೆ. ಇಬ್ಬರು ಒಂದು ಕಡೆ, ಒಬ್ಬ ಇನ್ನೊಂದು ಕಡೆ ಆದರೆ ಒಂದೆರಡು ವರ್ಷ ಎಳೆಯುತ್ತದೆ. ಮೂವರೂ ಮೂರು ಹೆಸರು ಹೇಳಿದರೆ ಅಲ್ಲೊಂದು ಕತೆ ಇದೆ ಅಂತ ಅರ್ಥ. ಇತಿಹಾಸದಲ್ಲಿ ಇದಕ್ಕೆ ನಿದರ್ಶನ 1205. ಆರ್ಚ್‌ಬಿಷಪ್ ಹ್ಯೂಬರ್ಟ್ ವಾಲ್ಟರ್ ಸತ್ತದ್ದೇ ತಡ, ಕ್ಯಾಂಟರ್ಬರಿಯ ಕೆಲವು ಸನ್ಯಾಸಿಗಳು ಗುಟ್ಟಾಗಿ ತಮ್ಮ ಉಪಮಠಾಧಿಕಾರಿ ರೆಜಿನಾಲ್ಡ್‌ನನ್ನು ಆರಿಸಿ ರೋಮ್‌ಗೆ ಕಳಿಸಿದರು. ರಾಜ ಜಾನ್ ತನ್ನವನಾದ ನಾರಿಚ್‌ನ ಬಿಷಪ್‌ನನ್ನು ಆರಿಸುವಂತೆ ಮಾಡಿದ. ಪೋಪ್ ಮೂರನೇ ಇನ್ನೊಸೆಂಟ್ ಎರಡೂ ಆಯ್ಕೆ ರದ್ದು ಮಾಡಿ, ಸ್ಟೀಫನ್ ಲ್ಯಾಂಗ್‌ಟನ್‌ಗೆ 1207ರಲ್ಲಿ ತಾನೇ ದೀಕ್ಷೆ ಕೊಟ್ಟ. ಜಾನ್ ಒಪ್ಪಲಿಲ್ಲ. 1208ರಿಂದ 1214ರವರೆಗೆ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಪೂಜೆಯೇ ನಿಂತಿತು. ಒಂದು ಪೀಠದ ಜಗಳಕ್ಕೆ ಊರೂರಿನ ಚರ್ಚಿನ ಗಂಟೆ ಆರು ವರ್ಷ ಬಾರಿಸಲಿಲ್ಲ. ಇದಕ್ಕಿಂತ ದೊಡ್ಡ ಡ್ರ್ಯಾಗನ್ ಎಲ್ಲಿ ತರುತ್ತೀರಿ?

ಮೂವರಲ್ಲಿ ಯಾರು ಗೆಲ್ಲುತ್ತಾರೆ ಅಂತ ತೀರ್ಮಾನಿಸಲು ನಾನು ಬಳಸುವ ಡೈಸ್ ಟೇಬಲ್ ಇದೆ. ಅದನ್ನು ಇಲ್ಲಿ ಕೊಡುವುದಿಲ್ಲ, ಮುಂದಿನ ಪುಸ್ತಿಕೆಯ ಬಂಡವಾಳ ಅದೇ. ಇಷ್ಟು ಹೇಳಬಲ್ಲೆ: ರಾಜನ ವಯಸ್ಸು ಮತ್ತು ಖಜಾನೆಯ ಸ್ಥಿತಿ ಎರಡೂ ಅದರೊಳಗೆ ಬರುತ್ತವೆ. ಹೆಸರು ಕೇಳಿದ ಕೂಡಲೇ ಯಾವ ಶತಮಾನದವನು ಅಂತ ಆಟಗಾರನಿಗೆ ತಿಳಿಯುವಂತೆ ಹೆಸರಿಡುವ ಉಪಾಯವೂ ನನ್ನ ಬಳಿಯೇ ಇರಲಿ.

ಒಂದು ತೊಡಕು ನಮ್ಮವರಿಗೇ ವಿಶೇಷ. ಮಠದ ಸ್ವಾಮಿಗಳು ತಾವಿರುವಾಗಲೇ ಶಿಷ್ಯ ಸ್ವೀಕಾರ ಮಾಡಿ ಉತ್ತರಾಧಿಕಾರಿಯನ್ನು ನೇಮಿಸುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ನನ್ನ ಆಟಗಾರರು, ಮುದುಕ ಆರ್ಚ್‌ಬಿಷಪ್‌ನ ಹತ್ತಿರ ಹೋಗಿ ಮುಂದಿನವನ ಹೆಸರು ಬರೆಸಿಕೊಂಡು ಬಂದರೆ ಮುಗಿಯಿತಲ್ಲ ಅಂತಲೇ ಯೋಚಿಸುತ್ತಿದ್ದರು. ಬಿಷಪ್ ತನ್ನ ಉತ್ತರಾಧಿಕಾರಿಯನ್ನು ತಾನೇ ನೇಮಿಸಬಾರದು ಅನ್ನುವುದು 4ನೇ ಶತಮಾನದ ಅಂತಿಯೋಕ್ ನಗರದ ಬಿಷಪ್‌ಗಳ ಸಭೆಯಷ್ಟು ಹಳೆಯ ನಿಯಮ. ಅದನ್ನು ವಾಲ್ಡೇನ್‌ನ ಧರ್ಮಶಾಸನದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದೆ. ಹಾಕಿದ ಮೇಲೇ ಆಟ ಬಿಗಿಯಾಯಿತು. ಮುದುಕನ ಮನಸ್ಸಿನಲ್ಲಿ ಯಾರಿದ್ದಾರೆ ಅಂತ ಗೊತ್ತು, ಆದರೆ ಆ ಮಾತಿಗೆ ಬೆಲೆ ಇಲ್ಲ. ಸನ್ಯಾಸಿಗಳ ಒಂದೊಂದು ಮತಕ್ಕೂ ಓಡಾಡಬೇಕು.

ಪಕ್ಕದ ಪ್ರಯೋಗವೊಂದನ್ನು ಹೇಳದೆ ಇರಲಾರೆ. ಉತ್ತರದ ಗುಡ್ಡಗಾಡು ಪ್ರಾಂತ್ಯಕ್ಕೆ ಮನೆತನದ ಪೀಠ ಮಾಡಿ ನೋಡಿದೆ. ಇದು ಬರೀ ಕಲ್ಪನೆಯಲ್ಲ. ಐರ್ಲೆಂಡಿನ ಆರ್ಮಾದಲ್ಲಿ ಸಂತ ಪ್ಯಾಟ್ರಿಕ್‌ನ ಪೀಠ 10ನೇ ಶತಮಾನದಿಂದ 12ರ ಆರಂಭದವರೆಗೆ ಒಂದೇ ಮನೆತನದ ಕೈಯಲ್ಲಿತ್ತು, ಅದರಲ್ಲಿ ಕೆಲವರು ದೀಕ್ಷೆಯನ್ನೇ ಪಡೆಯದ ಸಂಸಾರಿಗಳು. ಮಾಂಟೆನೆಗ್ರೊದಲ್ಲಿ 1697ರಿಂದ 1852ರವರೆಗೆ ಬಿಷಪ್‌ಗಳೇ ನಾಡನ್ನೂ ಆಳಿದರು; ಸನ್ಯಾಸಿಗಳಾದ್ದರಿಂದ ಪೀಠ ಹೆಚ್ಚಾಗಿ ಚಿಕ್ಕಪ್ಪನಿಂದ ಅಣ್ಣತಮ್ಮಂದಿರ ಮಕ್ಕಳಿಗೆ ಹೋಗುತ್ತಿತ್ತು. ನನ್ನ ಟೇಬಲ್‌ನಲ್ಲಿ ತುಳುನಾಡಿನವರು ಇದ್ದಾರೆ. ಹಕ್ಕು ಸೋದರಳಿಯನಿಗೆ ಹೋಗುವ ಅಳಿಯಕಟ್ಟು ಗೊತ್ತಿರುವವರಿಗೆ ಮಗನನ್ನು ಬಿಟ್ಟು ಹೋಗುವ ಹಕ್ಕನ್ನು ವಿವರಿಸಬೇಕಾಗಲಿಲ್ಲ, ಒಬ್ಬಳು ಆಟಗಾರ್ತಿ ತಂಗಿಯ ಮಗನ ಹಕ್ಕನ್ನೇ ಮುಂದಿಟ್ಟು ವಾದ ಹೂಡಿದಳು. ಪ್ರಯೋಗ ಚೆನ್ನಾಗಿತ್ತು, ಆದರೆ ಹೆಚ್ಚು ದಿನ ನಡೆಯಲಿಲ್ಲ. ಪೀಠ ಮನೆತನಕ್ಕೆ ಬಿದ್ದ ಕೂಡಲೇ ಅದು ಇನ್ನೊಂದು ರಾಜವಂಶವಾಗಿಬಿಡುತ್ತದೆ. ನೂರು ವರ್ಷ ಓಡಿಸಿ ನಿಲ್ಲಿಸಿದೆ.

ಪ್ಲೇಗ್ ಸೇರಿಸಿದ್ದು ಮಾತ್ರ ಬಂಗಾರದಂಥ ಕೆಲಸ. 1348ರ ಆಗಸ್ಟ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಸ್ಟ್ರಾಟ್‌ಫರ್ಡ್ ತೀರಿಕೊಂಡ. ಅವನ ಜಾಗಕ್ಕೆ ನೇಮಕವಾದ ಉಫರ್ಡ್ ದೀಕ್ಷೆಗೆ ಮೊದಲೇ 1349ರ ಮೇನಲ್ಲಿ ಸತ್ತ. ಗಣಿತಜ್ಞನೂ ಆಗಿದ್ದ ಥಾಮಸ್ ಬ್ರ್ಯಾಡ್‌ವರ್ಡೀನ್ ಜುಲೈಯಲ್ಲಿ, ಆಗ ಪೋಪ್ ಇದ್ದ ಅವಿನ್ಯೋಂನಲ್ಲಿ ದೀಕ್ಷೆ ಪಡೆದು ಊರಿಗೆ ಬಂದು ಆಗಸ್ಟ್‌ನಲ್ಲೇ ಪ್ಲೇಗಿಗೆ ಬಲಿಯಾದ. ಡಿಸೆಂಬರ್‌ನಲ್ಲಿ ಸೈಮನ್ ಇಸ್ಲಿಪ್ ಬಂದ. ಮಧ್ಯಯುಗದ ಕೊನೆಯ ಶತಮಾನಗಳಲ್ಲಿ ಹೊಸ ಬಿಷಪ್ ಬಂದಾಗಲೆಲ್ಲ ಒಂದು ವರ್ಷದ ಆದಾಯದ ಮೂರನೇ ಒಂದು ಭಾಗ ಪೋಪ್ ಕಚೇರಿಗೆ ಕಟ್ಟಬೇಕಿತ್ತು. ಈ ಕಾಣಿಕೆಯನ್ನು ನನ್ನ ಶೀಟಿಗೆ ಸೇರಿಸಿ, ಪ್ಲೇಗ್ ವರ್ಷದಲ್ಲಿ ಮೂವರನ್ನು ಒಬ್ಬರ ಹಿಂದೊಬ್ಬರಂತೆ ಕೂರಿಸಿದೆ. ವಾಲ್ಡೇನ್ ಪೀಠ ಸಾಲಕ್ಕೆ ಬಿತ್ತು. ಆ ಸಾಲ ತೀರಿಸಲು ಓಕ್ ಕಾಡನ್ನು ಅಡವಿಟ್ಟರು. ಅರವತ್ತು ವರ್ಷದ ನಂತರ ಆಟಗಾರರು ಕಾಲಿಟ್ಟಾಗ ಆ ಕಾಡು ಯಾರದು ಅನ್ನುವುದೇ ಯುದ್ಧಕ್ಕೆ ಕಾರಣ. ಇದರಲ್ಲಿ ಒಂದು ಕೊಂಡಿಯನ್ನೂ ನಾನು ಮೊದಲೇ ಯೋಚಿಸಿ ಇಟ್ಟಿರಲಿಲ್ಲ.

ಶೀಟಿನ ಒಂದು ಸಾಲು ಹೀಗಿರುತ್ತದೆ: ಪೀಠ ಖಾಲಿ, ಮೂರು ವರ್ಷ ಎರಡು ತಿಂಗಳು, ಆದಾಯ ರಾಜನಿಗೆ, ಸನ್ಯಾಸಿಗಳ ಊಟ ಅರ್ಧಕ್ಕೆ ಇಳಿದಿದೆ, ಉತ್ತರ ಗೋಪುರದ ಚಾವಣಿ ಕೆಲಸ ನಿಂತಿದೆ. ಆಟದಲ್ಲಿ ಕ್ಯಾಥೆಡ್ರಲ್ ಹೊಕ್ಕ ಕಳ್ಳಿ ಪಾತ್ರಧಾರಿ ಮೇಲೆ ನೋಡಿ, ಎರಡು ಗೋಪುರದ ಕಲ್ಲಿನ ಬಣ್ಣ ಬೇರೆ ಯಾಕೆ ಅಂತ ಕೇಳಿದಳು. ಶೀಟ್ ನೋಡಿ ಉತ್ತರ ಕೊಟ್ಟೆ. ಮುಂದಿನ ಎರಡು ಗಂಟೆ ಅವರು ಹಳೆಯ ಲೆಕ್ಕದ ಸುರುಳಿಗಳನ್ನು ಹುಡುಕುತ್ತಾ ಕೂತರು, ಒಂದು ಹೊಡೆದಾಟವೂ ಇಲ್ಲದೆ. ಪಟ್ಟಿ ಯಾರು ಓದುತ್ತಾರೆ ಅಂತ ಕೇಳಿದ್ದ ಗೆಳೆಯ ಅವತ್ತು ಅದೇ ಟೇಬಲ್‌ನಲ್ಲಿದ್ದ.

ದುಡ್ಡಿನ ಲೆಕ್ಕ. ನಕ್ಷೆ ಮತ್ತು ಮುದ್ರೆಗಳ ಚಿತ್ರಕ್ಕೆ ಕಲಾವಿದರೊಬ್ಬರಿಗೆ ಸುಮಾರು ಒಂಬತ್ತು ಸಾವಿರ ಕೊಟ್ಟೆ, ಒಂದು ರೂಪಾಯಿಯೂ ದಂಡವಾಗಲಿಲ್ಲ. ಪ್ರಕಾಶಕರೊಬ್ಬರು ರಾಜರ ಕತೆ ಕೊಡಿ, ಚರ್ಚಿನ ಪಟ್ಟಿ ಬೇಡ ಅಂದರು. ನಾನೇ ಈ ಪಟ್ಟಿಯ ಪುಸ್ತಿಕೆಯನ್ನು ನೂರು ಪ್ರತಿ ಅಚ್ಚು ಹಾಕಿಸಿದೆ, ಹದಿನಾಲ್ಕು ಸಾವಿರದ ಹತ್ತಿರ ಆಯಿತು. ಪ್ರತಿಗೆ 250 ರೂಪಾಯಿ ಇಟ್ಟೆ. ಈಗ ಮನೆಯಲ್ಲಿ ಉಳಿದಿರುವುದು ಇಪ್ಪತ್ತರೊಳಗೆ. ದಂಡವಾದ ಚಂದಾ ಬಿಟ್ಟು ನೋಡಿದರೆ ಕೈಯಿಂದ ಹೆಚ್ಚೇನೂ ಹೋಗಿಲ್ಲ, ಆದರೆ ಹೊಸ ನಕ್ಷೆಗೆ ಇನ್ನೂ ಸಾಲದು.

ಈಗ ಕೈಯಲ್ಲಿರುವುದು ಎರಡು ಪೋಪ್‌ಗಳ ಕಾಲ. 1378ರಲ್ಲಿ ಒಡೆದ ಪೋಪ್ ಪೀಠ, 1409ರಲ್ಲಿ ಪೀಸಾದಲ್ಲಿ ಸೇರಿದ ಚರ್ಚ್ ಸಭೆ ರಾಜಿ ಮಾಡಲು ಹೋಗಿ ಮೂರಾಯಿತು, 1417ರಲ್ಲಿ ಐದನೇ ಮಾರ್ಟಿನ್ ಆಯ್ಕೆಯಾದ ಮೇಲೇ ಒಂದಾದದ್ದು. ಹಾಗಾಗಿ ವಾಲ್ಡೇನ್ ಶೀಟಿನ ಮೂರನೇ ಪ್ರಶ್ನೆಯೇ ಎರಡಾಗಿ ಸೀಳಿದೆ: ಯಾವ ಪೋಪ್‌ನ ಒಪ್ಪಿಗೆ? ನೆರೆ ರಾಜ್ಯ ಇನ್ನೊಬ್ಬ ಪೋಪ್‌ನ ಕಡೆ ಇದ್ದರೆ ಗಡಿಯ ಮಠಗಳ ತೆರಿಗೆ ಯಾರಿಗೆ? ಸದ್ಯಕ್ಕೆ ಎರಡು ಶೀಟ್ ಪಕ್ಕಪಕ್ಕ ಓಡಿಸುತ್ತಿದ್ದೇನೆ. ಗಡಿಯ ಒಂದು ಮಠದಲ್ಲಿ ಈಗಾಗಲೇ ಇಬ್ಬರು ಮಠಾಧಿಕಾರಿಗಳು ಒಂದೇ ಊಟದ ಮನೆಯ ಎರಡು ತುದಿಯಲ್ಲಿ ಕೂತಿದ್ದಾರೆ. ಮುಂದಿನ ಸೆಷನ್ ಅಲ್ಲಿಂದಲೇ.