ಎಬಿಎಸ್ ದೀಪ ಹೊತ್ತಿತೇ? ಸೆನ್ಸರ್ ಕೊಳ್ಳುವ ಮೊದಲು ವೈರ್ ನೋಡಿ

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ ಮೇಲೆ ತೋಟದ ಕೆಲಸಕ್ಕೆ ಓಡಾಡುವ ಸಣ್ಣ ಗಾಡಿಗಳಲ್ಲೂ ಅದು ಬಂದಿದೆ. ಹಾಗಾಗಿ ಮಳೆ ಹಿಡಿದ ಕೂಡಲೇ ಗೋಣಿಕೊಪ್ಪದ ನಮ್ಮ ವರ್ಕ್‌ಶಾಪಿಗೆ ಒಂದೇ ದೂರು: ಮೀಟರ್‌ನಲ್ಲಿ ಎಬಿಎಸ್ ದೀಪ, ಪಕ್ಕದಲ್ಲಿ ಜಾರುವ ಕಾರಿನ ಚಿತ್ರದ ದೀಪ. ಎರಡು ದೀಪ ಅಂದರೆ ಎರಡು ತೊಂದರೆ ಅಲ್ಲ. ಜಾರುವ ಕಾರಿನ ದೀಪ ಗಾಡಿ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್‌ನದು. ಅದು ನಡೆಯುವುದೇ ಎಬಿಎಸ್‌ನ ಚಕ್ರದ ವೇಗ ಅಳೆಯುವ ನಾಲ್ಕು ವೀಲ್ ಸ್ಪೀಡ್ ಸೆನ್ಸರ್‌ಗಳ ಲೆಕ್ಕ ನಂಬಿಕೊಂಡು. ಒಂದು ಸೆನ್ಸರ್‌ನ ಲೆಕ್ಕ ತಪ್ಪಿದರೂ ಎರಡೂ ನಿಲ್ಲುತ್ತವೆ.

ಈ ಹಳದಿ ದೀಪಗಳು ಮಾತ್ರ ಇದ್ದರೆ ಮಾಮೂಲಿ ಬ್ರೇಕ್ ಇರುತ್ತದೆ, ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಬಹುದು. ನಿಧಾನವಾಗಿ ಓಡಿಸಿ. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಜೊತೆಗೆ ಉರಿಯುತ್ತಿದ್ದರೆ ಗಾಡಿ ನಿಲ್ಲಿಸಿ, ಬ್ರೇಕ್ ಆಯಿಲ್ ಮಟ್ಟ ನೋಡಿ. ಮಟ್ಟ ಸರಿ ಇದ್ದರೂ ಹಿಂದಿನ ಚಕ್ರಕ್ಕೆ ಬ್ರೇಕ್ ಅಳತೆಯಲ್ಲಿ ಹಂಚುವ ಇಬಿಡಿ ಹೋಗಿರಬಹುದು. ಆಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರ್ರನೆ ತಿರುಗಿಬಿಡಬಹುದು. ಅಂಥ ಗಾಡಿಯಲ್ಲಿ ಸಂಪಾಜೆ ಘಾಟಿ ಇಳಿಯಲೇಬೇಡಿ, ಕೈಮುಗಿದು ಹೇಳುತ್ತೇನೆ.

ತೊಂದರೆ ಬಂದಾಗ ಗಾಡಿಯ ಕಂಪ್ಯೂಟರ್ ಅದನ್ನು ಕೋಡ್ ಆಗಿ ಬರೆದಿಟ್ಟಿರುತ್ತದೆ. ಅಗ್ಗದ ಬ್ಲೂಟೂತ್ ರೀಡರ್ ಸಾಮಾನ್ಯವಾಗಿ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಎಬಿಎಸ್ ಮಾಡ್ಯೂಲ್, ಅಂದರೆ ಎಬಿಎಸ್‌ನ ಕಂಪ್ಯೂಟರ್, ಓದುವ ಸ್ಕ್ಯಾನರ್ ಬೇಕು. ಕೋಡ್ ಅಳಿಸುವ ಮೊದಲು ಬರೆದಿಟ್ಟುಕೊಳ್ಳಿ. ಒಂದಕ್ಕೊಂದು ಸಂಬಂಧವಿಲ್ಲದ ಕೋಡ್‌ಗಳು ಗುಂಪಾಗಿ ಬಂದಿದ್ದರೆ ಮೊದಲು ಬ್ಯಾಟರಿ ನೋಡಿ. ವೋಲ್ಟೇಜ್ ಇಳಿದರೆ ಎಬಿಎಸ್ ಮಾಡ್ಯೂಲ್ ಏನೇನೋ ಕೋಡ್ ಹಾಕುತ್ತದೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು.

ಕೋಡ್ ತೋರಿಸುವುದು ಸರ್ಕ್ಯೂಟನ್ನು, ಯಾವ ಪಾರ್ಟ್ ಹೋಗಿದೆ ಎಂದಲ್ಲ. ಸಿ0035 ಬಂದರೆ ಅನೇಕ ಗಾಡಿಗಳಲ್ಲಿ ಮುಂದಿನ ಎಡ ಚಕ್ರದ ಸೆನ್ಸರ್ ಸರ್ಕ್ಯೂಟ್ ಎಂದರ್ಥ. ಆ ಸರ್ಕ್ಯೂಟಿನಲ್ಲಿ ಸೆನ್ಸರ್, ವೈರ್, ವೈರ್ ಜೋಡಿಸುವ ಕಪ್ಲರ್, ಎಲ್ಲವೂ ಸೇರಿವೆ. ಮೂರ್ನಾಡು ಕಡೆಯ ಬೆಳೆಗಾರರೊಬ್ಬರು ಬೇರೆಲ್ಲೋ ಎರಡು ಸಲ ಸೆನ್ಸರ್ ಹಾಕಿಸಿಕೊಂಡು ನಮ್ಮಲ್ಲಿಗೆ ಬಂದರು. ಸ್ಟ್ರಟ್ (ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್) ಹತ್ತಿರ, ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಮಡಚುವ ಜಾಗದಲ್ಲಿ, ವೈರಿನ ತಾಮ್ರ ಒಳಗೇ ತುಂಡಾಗಿತ್ತು. ಹೊರಗಿನ ರಬ್ಬರ್ ಚೆನ್ನಾಗಿಯೇ ಇತ್ತು.

ಆದ್ದರಿಂದ ಗಾಡಿಯನ್ನು ಗಟ್ಟಿಯಾಗಿ ಸ್ಟ್ಯಾಂಡ್ ಮೇಲಿಟ್ಟು ಚಕ್ರ ಬಿಚ್ಚಿ, ಕೆಸರು ತೊಳೆಯಿರಿ. ತೋಟದ ದಾರಿಯ ಕೆಂಪು ಮಣ್ಣು ಒಣಗಿ ಗಟ್ಟಿಯಾದರೆ ಕ್ಲಿಪ್ಪನ್ನೇ ಕಿತ್ತು ವೈರನ್ನು ಎಳೆದುಬಿಡುತ್ತದೆ. ಕಪ್ಲರ್ ಬಿಚ್ಚಿ, ಪಿನ್‌ಗಳ ಮೇಲೆ ಹಸಿರು ತುಕ್ಕು ಕಂಡರೆ ನೀರು ಹೋಗಿದೆ ಎಂದೇ ಅರ್ಥ. ಬಾನೆಟ್ ಒಳಗೂ ನೋಡಿ, ಮಳೆಗಾಲದಲ್ಲಿ ತೋಟದ ಶೆಡ್ಡಿನ ಇಲಿಗಳು ಬೆಚ್ಚಗಿರುವ ಎಂಜಿನ್ ಹತ್ತಿರ ಸೇರಿ ವೈರ್ ಕಡಿಯುತ್ತವೆ.

ಹಳೇ ಮಾದರಿ ಸೆನ್ಸರ್ ಆದರೆ ಮಲ್ಟಿಮೀಟರ್‌ನಲ್ಲಿ ಸುಮಾರು 1000ದಿಂದ 2000 ಓಮ್ ತೋರಿಸುತ್ತದೆ, ಚಕ್ರ ತಿರುಗಿಸಿದರೆ ಎಸಿ ವೋಲ್ಟೇಜ್ ಬರುತ್ತದೆ. ಗಾಡಿಯಿಂದ ಕರೆಂಟ್ ಪಡೆದು ನಡೆಯುವ ಈಗಿನ ಆಕ್ಟಿವ್ ಸೆನ್ಸರ್‌ಗೆ ಓಮ್ ಅಳೆಯಲು ಹೋಗಬೇಡಿ, ಸೆನ್ಸರೇ ಹಾಳಾದೀತು. ಅದರ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿ ಕಡೆಯ ವೈರಿನಲ್ಲಿ ಸಪ್ಲೈ ಬರುತ್ತಿದೆಯೇ ನೋಡಿ.

ನನಗೆ ಎಲ್ಲಕ್ಕಿಂತ ನಂಬಿಕೆ ಲೈವ್ ಡೇಟಾ ಮೇಲೆ, ಅಂದರೆ ಓಡುವಾಗಲೇ ಸ್ಕ್ಯಾನರ್ ತೋರಿಸುವ ಸೆನ್ಸರ್ ಲೆಕ್ಕದ ಮೇಲೆ. ಒಬ್ಬರು ಓಡಿಸಲಿ, ಇನ್ನೊಬ್ಬರು ಸ್ಕ್ಯಾನರ್ ಹಿಡಿಯಲಿ. ನೇರ ರಸ್ತೆಯ ತುಂಡೊಂದು ಹುಡುಕಿ, ತಿರುವಿನಲ್ಲಿ ಒಳಗಿನ ಚಕ್ರ ಹೇಗೂ ನಿಧಾನ ತೋರಿಸುತ್ತದೆ. ಗಂಟೆಗೆ 20 ಕಿ.ಮೀ.ನಲ್ಲಿ ನಾಲ್ಕೂ ಚಕ್ರದ ವೇಗ ಹೆಚ್ಚುಕಡಿಮೆ ಸಮ ಇರಬೇಕು. ಒಂದು ನಡುನಡುವೆ ಸೊನ್ನೆಗೆ ಬಿದ್ದರೆ ಆ ಚಕ್ರವೇ.

ದೀಪ ಹೊತ್ತಿಲ್ಲ, ಆದರೆ ಒಣ ರಸ್ತೆಯಲ್ಲಿ ಇನ್ನೇನು ನಿಲ್ಲಬೇಕು ಎನ್ನುವಾಗ ಪೆಡಲ್ ನಡುಗುತ್ತದೆಯೇ? ಅದು ಎಬಿಎಸ್ ಬೇಡದಾಗ ಕೆಲಸಕ್ಕಿಳಿಯುವುದು, ಒಂದು ಚಕ್ರದ ಸಿಗ್ನಲ್ ಕಡಿಮೆ ವೇಗದಲ್ಲಿ ಕೈಕೊಡುತ್ತಿರುತ್ತದೆ. ಚಕ್ರದ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ರಿಂಗ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಸೆನ್ಸರನ್ನು ಮೇಲೆತ್ತಿರಬಹುದು. ಆ ತುಕ್ಕನ್ನು ಪೂರ್ತಿ ಕೆರೆದು ತೆಗೆಯಿರಿ. ಬೇರಿಂಗ್ ಬದಲಾಯಿಸಿದ ಮರುದಿನವೇ ದೀಪ ಬಂದಿದ್ದರೆ ಬೇರಿಂಗ್ ತಿರುಗಾಮುರುಗಾ ಕೂತಿದೆಯೇ ನೋಡಿ. ಈಗಿನ ಹಲವು ಬೇರಿಂಗ್‌ಗಳ ಒಂದು ಬದಿಯ ಸೀಲಿನಲ್ಲಿ ಮ್ಯಾಗ್ನೆಟ್ ಇರುತ್ತದೆ, ಆ ಬದಿ ಸೆನ್ಸರ್ ಕಡೆ ಬರಬೇಕು.

ಎಬಿಎಸ್ ದೀಪ ಇಲ್ಲದೆ ಸ್ಟೆಬಿಲಿಟಿ ದೀಪ ಒಂದೇ ಇದ್ದರೆ ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸ್ಟೀರಿಂಗ್ ಆ್ಯಂಗಲ್ ಸೆನ್ಸರ್ ನೋಡಿ. ನೇರ ಹೋಗುವಾಗ ಸ್ಕ್ಯಾನರ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ವೀಲ್ ಅಲೈನ್‌ಮೆಂಟ್ ಆದ ಮೇಲೆ ಈ ಸೆನ್ಸರ್‌ನ ಕ್ಯಾಲಿಬ್ರೇಷನ್ (ಸೊನ್ನೆಗೆ ಹೊಂದಿಸುವುದು) ಬಿಟ್ಟುಹೋಗಿರುವುದು ಬಹಳ ಸಾಮಾನ್ಯ. ಬ್ರೇಕ್ ಲೈಟ್ ಸ್ವಿಚ್, ಅಳತೆ ಬೇರೆ ಬೇರೆ ಇರುವ ಟೈರ್‌ಗಳನ್ನೂ ಒಮ್ಮೆ ನೋಡಿ.

ಇಷ್ಟೆಲ್ಲ ಸರಿ ಇದ್ದು ಎಬಿಎಸ್ ಪಂಪಿನ ಕೋಡ್ ಬಂದರೂ ದುಬಾರಿ ಯೂನಿಟ್ ಆರ್ಡರ್ ಮಾಡುವ ಮೊದಲು ಅದರ ದೊಡ್ಡ ಫ್ಯೂಸ್ ಮತ್ತು ಅರ್ಥ್ ವೈರ್ ಪರೀಕ್ಷಿಸಿ. ರಿಪೇರಿ ಮುಗಿದ ಮೇಲೆ ಕೋಡ್ ಅಳಿಸಿ, ಗಾಡಿಯನ್ನು ಸ್ವಲ್ಪ ದೂರ ಓಡಿಸಿ. ಕೆಲವು ಗಾಡಿಗಳಲ್ಲಿ ನಾಲ್ಕೂ ಚಕ್ರದ ಸಿಗ್ನಲ್ ಸರಿಯಾಗಿ ಸಿಕ್ಕ ಮೇಲಷ್ಟೇ ದೀಪ ಆರುತ್ತದೆ.