ತಾರಸಿಯ ಗೋಡೆ, ಶನಿವಾರದ ಬಟವಾಡೆ

ಮೈಸೂರಿನಲ್ಲಿ ಮನೆ ಕಟ್ಟಿಕೊಡುವ ಗುತ್ತಿಗೆ ಕೆಲಸ ನನ್ನದು. ದಟ್ಟಗಳ್ಳಿ, ವಿಜಯನಗರ, ಹೆಬ್ಬಾಳದ ಕಡೆ ಇಪ್ಪತ್ತು ಮೂವತ್ತು, ಮೂವತ್ತು ನಲವತ್ತರ ಸೈಟುಗಳೇ ಜಾಸ್ತಿ. ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಕ್ರೈಸ್ತ ಸಭೆಯವನು. ಭಾನುವಾರ ಕೇಳಿದ ವಾಕ್ಯ ಸೋಮವಾರದ ಕೆಲಸಕ್ಕೆ ಹೇಗೆ ಬರುತ್ತದೆ ಅಂತ ಸಭೆಯ ಹುಡುಗರು ಆಗಾಗ ಕೇಳುತ್ತಾರೆ. ಅವರಿಗೆ ನಾನು ಮೊದಲು ಓದಿಸುವುದು ಬೈಬಲ್ಲಿನ ಧರ್ಮೋಪದೇಶಕಾಂಡ 22ನೇ ಅಧ್ಯಾಯದ 8ನೇ ವಚನ.

ಹೊಸ ಮನೆ ಕಟ್ಟಿದರೆ ಮಾಳಿಗೆ ಸುತ್ತ ಗೋಡೆ ಕಟ್ಟು, ಯಾರಾದರೂ ಮೇಲಿಂದ ಬಿದ್ದು ಸತ್ತರೆ ಅದರ ದೋಷ ನಿನ್ನ ಮನೆಗೆ ಬಂದೀತು ಅನ್ನುತ್ತದೆ ಆ ವಚನ. ಬೀಳುವವನು ಯಾರು ಅಂತ ಹೇಳುವುದಿಲ್ಲ. ನೆಂಟ ಇರಬಹುದು, ಟ್ಯಾಂಕ್ ತೊಳೆಯಲು ಬಂದ ಹುಡುಗ ಇರಬಹುದು. ರೇಟು ಮಾತಾಡುವಾಗ ಅವನು ಅಲ್ಲಿರುವುದಿಲ್ಲ. ಇರುವುದು ನಾನು, ಮನೆ ಯಜಮಾನರು ಇಬ್ಬರೇ. "ಮುಂದೆ ಮೇಲೆ ಇನ್ನೊಂದು ಮನೆ ಕಟ್ಟಿಸ್ತೀವಲ್ಲ, ಈಗ ಪ್ಯಾರಾಪೆಟ್ ಬೇಡ ಬಿಡಿ" ಅಂತ ಅವರು ಹೇಳುತ್ತಾರೆ. ಇಬ್ಬರಿಗೂ ದುಡ್ಡು ಉಳಿಯುತ್ತದೆ. ಆಷಾಢದಲ್ಲಿ ಗಾಳಿಪಟ ಹಿಡಿದು ಹಿಂದೆ ಹಿಂದೆ ಹೆಜ್ಜೆ ಇಡುವ ಮಗುವನ್ನು ಯಾರೂ ನೆನೆಯುವುದಿಲ್ಲ. ಅದಕ್ಕೇ ಪ್ಯಾರಾಪೆಟ್ಟಿಗೆ ನಾನು ಬೇರೆ ರೇಟು ಹಾಕುವುದಿಲ್ಲ. ಮನೆಯ ಲೆಕ್ಕದಲ್ಲೇ ಅದು ಸೇರಿರುತ್ತದೆ, ತೆಗೆಯುವ ಮಾತೇ ಇಲ್ಲ.

ಈ ಒಂದು ವಚನದಿಂದ ನಾನು ಕಲಿತ ಪ್ರಶ್ನೆಯನ್ನೇ ಎಲ್ಲ ಕಡೆ ಕೇಳಿಕೊಳ್ಳುತ್ತೇನೆ. ನಾವು ಮಾಡುತ್ತಿರುವ ಈ ತೀರ್ಮಾನದ ಭಾರ ಯಾರ ತಲೆ ಮೇಲೆ ಬೀಳುತ್ತದೆ? ಅವರು ಈ ಮಾತಿನಲ್ಲಿ ಇದ್ದಾರಾ? ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು ಅಂತ ಯೇಸು ಹೇಳಿದ್ದನ್ನು ಸೈಟಿನಲ್ಲಿ ಪಾಲಿಸಲು ನನಗೆ ಇದಕ್ಕಿಂತ ಸುಲಭದ ದಾರಿ ಸಿಕ್ಕಿಲ್ಲ.

ಬಟವಾಡೆಯನ್ನೇ ನೋಡಿ. ಗಾರೆಯವರಿಗೆ, ಆಳುಗಳಿಗೆ ವಾರದ ಕೂಲಿ ಕೊಡುವುದು ಶನಿವಾರ. ಯಜಮಾನರ ದುಡ್ಡು ತಡವಾದರೆ "ಸೋಮವಾರ ಬನ್ನಿ" ಅಂತ ಆಳುಗಳಿಗೆ ಹೇಳುವುದು ನಮ್ಮ ಕಸುಬಿನಲ್ಲಿ ಸಾಮಾನ್ಯ. ನಂಜನಗೂಡು, ಟಿ. ನರಸೀಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಹೆಣ್ಣಾಳು ಆ ದುಡ್ಡಿನಲ್ಲೇ ಭಾನುವಾರ ಮನೆಗೆ ಸಾಮಾನು ತರಬೇಕು. ಕೂಲಿಯವನ ಕೂಲಿ ಬೆಳಗಾಗುವ ತನಕ ನಿನ್ನ ಹತ್ತಿರ ಇರಬಾರದು ಅನ್ನುತ್ತದೆ ಯಾಜಕಕಾಂಡ 19:13. ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅನ್ನುತ್ತದೆ ಧರ್ಮೋಪದೇಶಕಾಂಡ 24:15. ಇದನ್ನು ಪಾಲಿಸಲು ಮನಸ್ಸು ಒಳ್ಳೆಯದಿದ್ದರೆ ಸಾಲದು, ಏರ್ಪಾಡು ಬೇಕು. ಯಜಮಾನರು ಕೊಡುವ ಮೊದಲ ಅಡ್ವಾನ್ಸಿನಲ್ಲೇ ಎರಡು ವಾರದ ಕೂಲಿ ತೆಗೆದು ಬೇರೆ ಖಾತೆಗೆ ಹಾಕುತ್ತೇನೆ. ಸಿಮೆಂಟು, ಕಬ್ಬಿಣದ ಅಂಗಡಿಯವರಿಗೆ ಆ ದುಡ್ಡು ಮುಟ್ಟಿಸುವುದಿಲ್ಲ. ಅಂಗಡಿಯವರು ಒಂದು ವಾರ ತಡೆಯಬಲ್ಲರು.

ಗುದ್ದಲಿ ಪೂಜೆ, ಬಾಗಿಲು ಇಡುವ ಪೂಜೆ, ಆಯುಧಪೂಜೆ. ಮೈಸೂರಿನಲ್ಲಿ ಮನೆ ಕಟ್ಟುವ ಕ್ರೈಸ್ತನಿಗೆ ಇವು ದೊಡ್ಡ ಪ್ರಶ್ನೆಗಳೇ. ನಮ್ಮ ಸಭೆಯಲ್ಲೇ ಎಲ್ಲರದ್ದೂ ಒಂದೇ ಅಭಿಪ್ರಾಯವಿಲ್ಲ. ನಾನು ಮಾಡುವುದು ಹೀಗೆ. ಪೂಜೆಯ ದಿನ ಹೊತ್ತಿಗೆ ಸರಿಯಾಗಿ ಹೋಗುತ್ತೇನೆ, ಚಪ್ಪಲಿ ಬಿಟ್ಟು ನಿಲ್ಲುತ್ತೇನೆ, ಆರತಿ ನಾನು ಎತ್ತುವುದಿಲ್ಲ. "ಸಾರ್, ನಾವು ಚರ್ಚಿಗೆ ಹೋಗೋರು, ನಮ್ಮ ಪ್ರಾರ್ಥನೆ ಮಾಡ್ಕೋತೀನಿ" ಅಂತ ಯಜಮಾನರಿಗೆ ಮೊದಲೇ ಹೇಳಿಬಿಟ್ಟಿರುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಆಯುಧಪೂಜೆಗೆ ಆಳುಗಳು ಮಿಕ್ಸರಿಗೆ, ಕರಣೆಗೆ ಹೂವು ಹಾಕುತ್ತಾರೆ. ಅದು ಅವರ ಭಕ್ತಿ. ಬೋನಸ್, ಸಿಹಿ, ರಜೆ ಮೂರೂ ಕೊಡುತ್ತೇನೆ. ಕೊಟ್ಟ ಕಡ್ಲೆಪುರಿ ತಿನ್ನಬಹುದಾ ಅಂತ ಹುಡುಗರು ಕೇಳುತ್ತಾರೆ. ಅಪೊಸ್ತಲ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರಿಕೆಯ 10ನೇ ಅಧ್ಯಾಯದಲ್ಲಿ ಇದನ್ನೇ ಬಿಡಿಸಿ ಹೇಳಿದ್ದಾನೆ. ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಿಸದೆ ತಿನ್ನು. ಇದು ನೈವೇದ್ಯ ಅಂತ ಒಬ್ಬರು ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗಾಗಿ ಬಿಡು. ಅಲ್ಲೂ ಯೋಚನೆ ಇನ್ನೊಬ್ಬನ ಬಗ್ಗೆಯೇ, ಅಲ್ವಾ? ತಿನ್ನುವವರನ್ನು ತಿನ್ನದವರು, ತಿನ್ನದವರನ್ನು ತಿನ್ನುವವರು ಹೀಯಾಳಿಸಬಾರದು ಅಂತ ರೋಮಾಪುರ ಪತ್ರಿಕೆಯ 14ನೇ ಅಧ್ಯಾಯ ಹೇಳುತ್ತದೆ. ನಾನು ಅಲ್ಲಿಗೇ ನಿಲ್ಲುತ್ತೇನೆ.

ನನ್ನನ್ನು ಬಹಳ ಕಾಡಿದ್ದು ಮಾತ್ರ ಒಂದು ಸಹಿ.

ನಮ್ಮ ಸಭೆಯ ಹೆಣ್ಣುಮಗಳೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಗಂಡನಿಗೆ ಕೆಲಸ ಹೋಗಿತ್ತು, ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. "ಅಣ್ಣಾ, ನಿಮ್ಮ ಹತ್ರ ಕೆಲಸ ಮಾಡಿದೀನಿ ಅಂತ ಒಂದು ಸಹಿ ಹಾಕಿಕೊಡಿ, ಲೇಬರ್ ಕಾರ್ಡ್ ಮಾಡಿಸ್ಕೋತೀನಿ" ಅಂದಳು. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿರಬೇಕು. ಕಾರ್ಡಿದ್ದರೆ ಮಕ್ಕಳ ಓದಿಗೆ ಸಹಾಯಧನ ಸಿಗುತ್ತದೆ. ಅವಳು ಒಂದು ದಿನವೂ ಇಟ್ಟಿಗೆ ಹೊತ್ತವಳಲ್ಲ. ಆದರೆ ಕಷ್ಟ ನಿಜವಾದದ್ದು.

ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬೇಡ ಎಂಬುದು ನಮ್ಮ ಎಣಿಕೆಯಲ್ಲಿ ಒಂಬತ್ತನೆಯದು, ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು. ಅದು ಗೊತ್ತಿದ್ದರೂ, ಕರುಣೆ ತೋರಿಸುವುದೂ ಆಜ್ಞೆಯೇ ತಾನೆ ಅಂತ ಮನಸ್ಸು ವಾದ ಮಾಡುತ್ತಿತ್ತು. ನಾಳೆ ಹೇಳ್ತೀನಿ ತಂಗಿ ಅಂದೆ. ರಾತ್ರಿ ಹೆಂಡತಿಯ ಜೊತೆ ಕೂತು ನನ್ನ ಅದೇ ಪ್ರಶ್ನೆ ಕೇಳಿಕೊಂಡೆ. ಆ ದುಡ್ಡು ಎಲ್ಲಿಂದ ಬರುತ್ತದೆ? ಕಟ್ಟಡದ ವೆಚ್ಚದ ಮೇಲೆ ಕಟ್ಟಿಸಿಕೊಳ್ಳುವ ಶೇಕಡಾ 1ರ ಸೆಸ್ಸಿನಿಂದ. ಅದು ಸೆಂಟ್ರಿಂಗ್ ಮೇಲೆ ನಿಲ್ಲುವವರ, ಕಾಂಕ್ರೀಟ್ ಬಾಂಡ್ಲಿ ಹೊರುವವರ ದುಡ್ಡು. ಅವರು ನಮ್ಮ ಮನೆಯ ಜಗಲಿಯಲ್ಲಿ ಇರಲಿಲ್ಲ. ಬಡವನೆಂದು ನ್ಯಾಯದಲ್ಲಿ ಪಕ್ಷಪಾತ ಮಾಡಬೇಡ, ದೊಡ್ಡವನೆಂದೂ ಮುಖ ನೋಡಬೇಡ ಅನ್ನುತ್ತದೆ ಯಾಜಕಕಾಂಡ 19:15. ಮೊದಲರ್ಧ ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು.

ಸಹಿ ಹಾಕಲಿಲ್ಲ. ಆದರೆ ಇಲ್ಲ ಅಂದು ಬಾಗಿಲು ಹಾಕಿಕೊಳ್ಳುವುದೂ ಸರಿಯಲ್ಲ. ಮೈಸೂರಿನ ನಮ್ಮ ಸಭೆಗಳು 1947ರಲ್ಲಿ ಸಿಎಸ್‌ಐ ಆಗುವ ಮೊದಲು ವೆಸ್ಲಿಯವರ ಮೆಥಡಿಸ್ಟ್ ಪರಂಪರೆಯವು. ಆ ಪರಂಪರೆ ಶುರುಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ 1743ರಲ್ಲಿ ತನ್ನ ಜನರಿಗೆ ಮೂರು ನಿಯಮ ಬರೆದುಕೊಟ್ಟ: ಕೇಡು ಮಾಡಬೇಡಿ, ಒಳ್ಳೆಯದು ಮಾಡಿ, ಪ್ರಾರ್ಥನೆ, ವಾಕ್ಯ, ಆರಾಧನೆಗಳನ್ನು ಬಿಡಬೇಡಿ. ಸಹಿ ಬೇಡ ಅಂದಾಗ ಮುಗಿದದ್ದು ಮೊದಲನೆಯದು ಮಾತ್ರ. ಎರಡನೆಯದು ಬಾಕಿ ಇತ್ತು. ಅವಳ ಒಪ್ಪಿಗೆ ಕೇಳಿಯೇ ಸಭೆಯ ಪಾದ್ರಿ ಅಯ್ಯನವರ ಹತ್ತಿರ ಮಾತಾಡಿದೆ. ಫೀಸಿಗೆ ನಾನೊಂದಿಷ್ಟು, ಸಭೆಯ ಇನ್ನಿಬ್ಬರು ಒಂದಿಷ್ಟು ಹಾಕಿದೆವು. ಗಂಡನಿಗೆ ನನಗೆ ಗೊತ್ತಿರುವ ಟೈಲ್ಸ್ ಗೋಡೌನಿನಲ್ಲಿ ಕೆಲಸ ಕೇಳಿ ಕೊಡಿಸಿದೆ. ಆಕೆಗೆ ಮೊದಲು ನನ್ನ ಮೇಲೆ ಕೋಪ ಬಂದಿತ್ತು, ನನ್ನ ಹೆಂಡತಿ ಹೋಗಿ ಕೂತು ಮಾತಾಡಿ ಬಂದಳು.

ಅವಳು ಸಹಿಗೆ ತಂದಿದ್ದ ಕಾಗದ ನೋಡುತ್ತಾ ಇನ್ನೊಂದು ವಿಷಯ ಹೊಳೆಯಿತು. ನನ್ನ ಹೆಣ್ಣಾಳುಗಳಲ್ಲೇ ಎಷ್ಟೋ ಜನರ ಹತ್ತಿರ ಕಾರ್ಡಿಲ್ಲ. ಒಂದೊಂದು ಸೈಟಿನಲ್ಲಿ ಒಂದೊಂದು ತಿಂಗಳು ದುಡಿಯುವವರಿಗೆ 90 ದಿನದ ಲೆಕ್ಕ ಇಡುವವರು ಯಾರು? ಈಗ ನಾನೇ ಹಾಜರಿ ಪುಸ್ತಕದಲ್ಲಿ ಹೆಸರು, ಊರು, ತಾರೀಕು ಬರೆಸುತ್ತೇನೆ. ಬೇರೆ ಮೇಸ್ತ್ರಿಗಳ ಹತ್ತಿರ ಮಾಡಿದ ದಿನಗಳಿಗೆ ಅವರಿಂದಲೇ ಬರೆಸಿ ತರಲು ಹೇಳುತ್ತೇನೆ. ದಿನ ತುಂಬಿದವರ ಅರ್ಜಿಯನ್ನು ಬಟವಾಡೆ ಮುಗಿದ ಮೇಲೆ ಸೈಟಿನಲ್ಲೇ ಕೂತು ತುಂಬಿಸುತ್ತೇವೆ. ಪಿಯುಸಿ ಓದುವ ನನ್ನ ಮಗ ಬರೆಯುತ್ತಾನೆ, ನಾನು ಸಹಿ ಹಾಕುತ್ತೇನೆ.